ಐದು ಕೆ.ಜಿ. ಉಳಿತಾಯ

ಗುರುದತ್ತನ ಕಷ್ಟ ಶುರುವಾದದ್ದು ಒಂದು ಫೋಟೋದಿಂದ. ಶನಿವಾರ ಬೆಳಿಗ್ಗೆ ಏಳಕ್ಕೆ ಮಗಳು ಅನನ್ಯಾ ಮನೆ ಮುಂದೆ ನಿಂತಿದ್ದ ಯೂಟಿನ ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು. ಅಮ್ಮ ಅಹಲ್ಯಾ ಅದನ್ನು ತಮ್ಮ ಬಡಾವಣೆ ಟ್ರುಗನಿನಾದ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ದಾಟಿಸಿ, ಕೆಳಗೆ "ನಾಳೆ ಬೆಳಿಗ್ಗೆ ಸಿಡ್ನಿಗೆ ಹೊರಡ್ತಿದ್ದೀವಿ" ಎಂದು ಬರೆದಳು. ಬರೆಯುವಾಗ ಅವಳಿಗೆ ಯಾವ ದುರುದ್ದೇಶವೂ ಇರಲಿಲ್ಲ. ನಾಲ್ಕು ಜನ ನೋಡಿ ಒಂದು ಹೆಬ್ಬೆರಳು ಎತ್ತಲಿ ಎಂದಷ್ಟೇ ಇತ್ತು.

ಯೂಟ್ ಎಂದರೆ ಮುಂದೆ ಕಾರು, ಹಿಂದೆ ಟೆಂಪೋ. ಆ ಟೆಂಪೋ ಭಾಗದ ಮೇಲೆ ವಾರದ ಹಿಂದೆ ಒಂದು ಪುಟ್ಟ ಮನೆ ಬಂದು ಕೂತಿತ್ತು. ಒಳಗೆ ಹಾಸಿಗೆ, ಒಲೆ, ಸಿಂಕು, ಕೆಳಗೆ ನೀರಿನ ಟ್ಯಾಂಕು. ಇಲ್ಲಿಯವರು ಅದನ್ನು ಸ್ಲೈಡ್-ಆನ್ ಕ್ಯಾಂಪರ್ ಎನ್ನುತ್ತಾರೆ. ನಂಜನಗೂಡಿನಿಂದ ಬಂದಿದ್ದ ಗುರುದತ್ತನ ಅತ್ತೆ ಪುಟ್ಟಮ್ಮ ಮಾತ್ರ ಒಂದೇ ನೋಟಕ್ಕೆ "ಆಮೆಗಾಡಿ" ಎಂದು ಹೆಸರಿಟ್ಟಿದ್ದರು. ಮನೆಯನ್ನೇ ಬೆನ್ನ ಮೇಲೆ ಹೊತ್ತು ನಡೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ಯಾರಿಗೂ ಹೊಳೆಯಲಿಲ್ಲ.

ಆ ಕ್ಯಾಂಪರನ್ನು ಗುರುದತ್ತ ಅತ್ತೆಗಾಗಿಯೇ ಕೊಂಡಿದ್ದ. ಬಂದ ಹೊಸತರಲ್ಲಿ ಒಂದು ದಿನ ಅವರು ಅವರೆಕಾಳು ಸುಲಿಯುತ್ತ, "ಅಳಿಯಂದ್ರೆ, ಸಮುದ್ರದ ಪಕ್ಕದಲ್ಲೇ ಮಲಗೆದ್ದು ಸೂರ್ಯ ಹುಟ್ಟೋದು ನೋಡ್ಬೇಕು ಅಂತ ನಂಗೊಂದಾಸೆ ಕಣ್ರಿ" ಎಂದಿದ್ದರು. ಆರು ತಿಂಗಳಲ್ಲಿ ಅವರು ಕೇಳಿದ್ದು ಅದೊಂದೇ. ಸಿಡ್ನಿಗೆ ಕರಾವಳಿಯ ದಾರಿಯಲ್ಲಿ ಹೋದರೆ ನಡುವೆ ಈಡನ್ ಎಂಬ ಊರು ಸಿಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ ಮಲಗಿದರೆ ಸೂರ್ಯ ಸೀದಾ ಕಿಟಕಿಗೇ ಬರುತ್ತಾನೆ. ಇನ್ನು ಹತ್ತು ದಿನಕ್ಕೆ ಪುಟ್ಟಮ್ಮನವರ ವಾಪಸ್ ಟಿಕೆಟ್ಟು ಇತ್ತು. ಈ ವಾರ ತಪ್ಪಿದರೆ ತಪ್ಪಿದಂತೆಯೇ.

ಆದರೆ ಅಹಲ್ಯಾಳಿಗೆ ಗಂಡನ ಖರೀದಿಗಳ ಚರಿತ್ರೆ ಬಾಯಿಪಾಠವಾಗಿತ್ತು. ಗರಾಜಿನಲ್ಲಿ ಬಟ್ಟೆ ಒಣಗಿಸಲು ಒಂದು ಟ್ರೆಡ್‌ಮಿಲ್ ಇತ್ತು. ಚಂದ್ರನನ್ನು ಒಮ್ಮೆ, ಎದುರು ಮನೆಯ ಅಡುಗೆಮನೆಯನ್ನು ಅಕಸ್ಮಾತ್ತಾಗಿ ಇನ್ನೊಮ್ಮೆ ತೋರಿಸಿ ನಿವೃತ್ತವಾದ ಟೆಲಿಸ್ಕೋಪ್ ಇತ್ತು. ಹಾಗಾಗಿ ಅವಳು ಈ ಸಲ ಕರಾರು ಹಾಕಿದ್ದಳು.

"ನೋಡಿ, ತೂಕ ಜಾಸ್ತಿ ಆಗಿರೋ ಗಾಡೀಲಿ ನನ್ನ ಅಮ್ಮನ್ನ, ಮಗೂನ ಕೂರಿಸಲ್ಲ. ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವರೂ ಕೈಯೆತ್ತುತ್ತಾರಂತೆ. ತೂಕದ ಸೇತುವೆಗೆ ಹೋಗಿ ಚೀಟಿ ತನ್ನಿ. ಚೀಟೀಲಿ ಸರಿ ಇದ್ರೆ ಸಿಡ್ನಿ. ಇಲ್ಲಾಂದ್ರೆ ಶನಿವಾರ ಐದು ಗಂಟೆಯೊಳಗೆ ಬ್ಯಾರಿಗೆ ವಾಪಸ್."

ಬ್ಯಾರಿ ಎಂದರೆ ಮೆಲ್ಟನ್ ಕಡೆ ಹಳೆಯ ಕ್ಯಾಂಪರುಗಳನ್ನು ಮಾರುವ ಮುದುಕ. ಒಂದು ವಾರದೊಳಗೆ ತಂದುಕೊಟ್ಟರೆ ಹಣ ವಾಪಸ್ ಎಂದು ಬರೆದುಕೊಟ್ಟಿದ್ದ. ಆ ವಾರ ಈ ದಿನ ಸಂಜೆ ಐದಕ್ಕೆ ಮುಗಿಯುತ್ತಿತ್ತು.

ಗುರುದತ್ತನಿಗೆ ಭಯವೇನೂ ಇರಲಿಲ್ಲ. ಅವನು ಹೊಟ್ಟೆಪಾಡಿಗೆ ಬ್ಯಾಂಕೊಂದರಲ್ಲಿ ಸ್ಪ್ರೆಡ್‌ಶೀಟ್ ಮಾಡುವವನು. ಇಂಡಿಯಾಕ್ಕೆ ಹೋಗುವಾಗ ಸೂಟ್‌ಕೇಸನ್ನು ಇಪ್ಪತ್ಮೂರು ಕೆ.ಜಿ.ಗೆ ಒಂದು ಸಾಸಿವೆಯಷ್ಟೂ ಮೀರದಂತೆ ತುಂಬುವುದರಲ್ಲಿ ಇಡೀ ಸಬರ್ಬಿಗೇ ಹೆಸರಾಗಿದ್ದ. ಸೂಟ್‌ಕೇಸ್ ತೂಗುವ ಅದೇ ಕೊಕ್ಕೆಯ ತಕ್ಕಡಿಯಲ್ಲಿ ಈ ಸಲ ಚಮಚದಿಂದ ಹಿಡಿದು ಚಾಪೆಯವರೆಗೆ ಎಲ್ಲವನ್ನೂ ತೂಗಿ ಶೀಟಿಗೆ ಹಾಕಿದ್ದ. ಯೂಟ್ ಹೊರಬಹುದಾದ ಭಾರ ಒಂಬೈನೂರೈವತ್ತು. ಅದರಲ್ಲಿ ಕ್ಯಾಂಪರ್ ಆರುನೂರು, ಮುಂದೆ ಹಾಕಿಸಿದ ಕಬ್ಬಿಣದ ಬುಲ್‌ಬಾರ್ ನಲವತ್ತೈದು, ನಾಲ್ಕು ಜನ ಸೇರಿ ಇನ್ನೂರನಲವತ್ತು, ಲಗೇಜು ಅರವತ್ತು. ಟ್ಯಾಂಕಿನ ನೀರನ್ನು ಗುರುವಾರವೇ ಸ್ವತಃ ಖಾಲಿ ಮಾಡಿದ್ದರಿಂದ ಅದಕ್ಕೆ ಸೊನ್ನೆ. ಎಲ್ಲ ಕಳೆದು ಐದು ಕೆ.ಜಿ. ಉಳಿಯುತ್ತಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಿ, ಮೇಲೆ ಐದು ಬೆರಳಿನಷ್ಟು ಜಾಗ ಮಿಕ್ಕಿಸಿದ್ದ ಎನ್ನಬಹುದು.

ಶುಕ್ರವಾರ ಸಂಜೆ ಅತ್ತೆಗೆ ಕ್ಯಾಂಪರ್ ತೋರಿಸುವಾಗ ಅವನ ಎದೆ ಉಬ್ಬಿತ್ತು. "ಇಲ್ಲಿ ನೋಡಿ ಅತ್ತೆ, ಹೊರಗಡೆ ಈ ಮುಚ್ಚಳ ತೆಗೆದು ಪೈಪ್ ಇಟ್ರೆ ಕೆಳಗಡೆ ಟ್ಯಾಂಕಿಗೆ ನೀರು ಹೋಗುತ್ತೆ. ನೂರು ಲೀಟರ್."

"ಈಗ ನೀರೈತಾ?" ಎಂದು ಪುಟ್ಟಮ್ಮ ಕೇಳಿದರು.

"ಇಲ್ಲ, ಖಾಲಿ."

"ಖಾಲಿಯಾ?" ಎಂದು ಪುಟ್ಟಮ್ಮ ಟ್ಯಾಂಕಿನ ಮುಚ್ಚಳವನ್ನೇ ಸ್ವಲ್ಪ ಹೊತ್ತು ನೋಡಿದರು. ಅಷ್ಟರಲ್ಲಿ ಗುರುದತ್ತ ಮಡಚುವ ಮೇಜನ್ನು ತೋರಿಸಲು ಒಳಗೆ ಹೋಗಿದ್ದ.

ಶನಿವಾರ ಬೆಳಿಗ್ಗೆ ಅವನು ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ಪುಟ್ಟಮ್ಮ ತೋಟದ ಪೈಪನ್ನು ಸುತ್ತಿಡುತ್ತಿದ್ದರು. ಗಾಡಿಯ ಪಕ್ಕದ ನೆಲ ಒದ್ದೆಯಾಗಿತ್ತು. ಹಕ್ಕಿಗಳು ಗಲೀಜು ಮಾಡಿದ್ದನ್ನು ಅತ್ತೆ ತೊಳೆದಿದ್ದಾರೆ ಎಂದುಕೊಂಡ. ಈ ವಯಸ್ಸಿನಲ್ಲೂ ಎಷ್ಟು ಚುರುಕು ಎಂದು ಮೆಚ್ಚಿದ ಕೂಡ.

ಅಷ್ಟರಲ್ಲಿ ಫೋಟೋ ಕೆಲಸ ಮಾಡತೊಡಗಿತ್ತು.

ಮೊದಲು ಬಂದವಳು ಎದುರು ಮನೆಯ ಶ್ರೀಲಕ್ಷ್ಮಿ. ಅವಳ ಅಕ್ಕ ಇರುವುದು ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ ಇತ್ತು. ಕೈಯಲ್ಲಿ ಎನ್ನುವುದಕ್ಕಿಂತ ಎರಡೂ ತೋಳು ಮತ್ತು ಒಂದು ಮೊಣಕಾಲಿನ ಮೇಲೆ ಇತ್ತು ಎನ್ನುವುದು ಸರಿ.

"ಗುರು, ಒಂದು ಸಣ್ಣ ಪಾರ್ಸೆಲ್ಲು. ನಮ್ಮಕ್ಕನಿಗೆ ಕೊಟ್ಬಿಡಿ. ಸ್ಟೇಷನ್ ಪಕ್ಕದಲ್ಲೇ ಮನೆ."

"ಏನಿದು?"

"ಗ್ರೈಂಡರ್. ಕಲ್ಲಿಂದು. ಅವಳ ಮಿಕ್ಸೀಲಿ ದೋಸೆಹಿಟ್ಟು ಉಬ್ಬೋದೇ ಇಲ್ವಂತೆ ಪಾಪ."

ಗುರುದತ್ತ ಪೆಟ್ಟಿಗೆಯನ್ನು ಕೊಕ್ಕೆಗೆ ಹಾಕಿದ. ಹದಿನಾಲ್ಕು ಕೆ.ಜಿ. "ಶ್ರೀಲಕ್ಷ್ಮಿ, ನಮ್ಮ ಗಾಡಿಗೆ ಇನ್ನು ಐದೇ ಕೆ.ಜಿ. ಲಿಮಿಟ್ ಇರೋದು" ಎಂದ.

ಶ್ರೀಲಕ್ಷ್ಮಿ ಗಾಡಿಯನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಷ್ಟು ದೊಡ್ಡ ಮನೇನೇ ಹೊತ್ಕೊಂಡು ಹೋಗತ್ತೆ, ಒಂದು ಗ್ರೈಂಡರ್‌ಗೆ ಸೊಂಟ ಮುರಿಯುತ್ತಾ? ಇಲ್ಲ ಅನ್ನೋದಾದ್ರೆ ಹೇಳ್ಬಿಡಿ, ನಾನು ಬೇಜಾರು ಮಾಡ್ಕೊಳಲ್ಲ." ಈ ಕೊನೆಯ ಮಾತನ್ನು ಹೇಳಿದವರೆಲ್ಲ ಬೇಜಾರು ಮಾಡಿಕೊಂಡೇ ಇರುತ್ತಾರೆ. ಹಿಂದಿನ ಸಲ ಗುರುದತ್ತನ ಔಷಧಿಗಳನ್ನು ಇಂಡಿಯಾದಿಂದ ತಂದುಕೊಟ್ಟವಳೂ ಅವಳೇ. ಗ್ರೈಂಡರ್ ಕ್ಯಾಂಪರಿನೊಳಗೆ ಹೋಯಿತು.

ಆಮೇಲೆ ಪಕ್ಕದ ಬಡಾವಣೆ ಟಾರ್ನೀಟಿನಿಂದ ಹರ್ಷವರ್ಧನ್ ಬಂದ. ಅವನು ಕನ್ನಡ ಬಳಗದ ಕಾರ್ಯದರ್ಶಿ. ಬಳಗದ ದಶಮಾನೋತ್ಸವದ ಸ್ಮರಣ ಸಂಚಿಕೆ ನುಣುಪು ಕಾಗದದಲ್ಲಿ ಅಚ್ಚಾಗಿ ಎರಡು ವರ್ಷವಾಗಿತ್ತು. ಅದರಲ್ಲಿ ಫೋಟೋ ಬಂದವರೆಲ್ಲ ಒಂದೊಂದು ಪ್ರತಿ ಕೊಂಡಿದ್ದರು. ಉಳಿದದ್ದೆಲ್ಲ ಹರ್ಷವರ್ಧನನ ಗರಾಜಿನಲ್ಲಿತ್ತು, ಅವನ ಕಾರು ಬೀದಿಯಲ್ಲಿತ್ತು.

"ಸಿಡ್ನಿಯವರು ಓದೋಕೆ ಕಾಯ್ತಿದ್ದಾರೆ ಗುರು. ಸದ್ಯಕ್ಕೆ ಒಂದೇ ಬಾಕ್ಸ್" ಎಂದ. ಹದಿನಾರು ಕೆ.ಜಿ. ಸಾಹಿತ್ಯಕ್ಕೆ ತೂಕವಿರಬೇಕು ಎಂದು ಹಿರಿಯರು ಹೇಳುವುದನ್ನು ಬಳಗ ಅಕ್ಷರಶಃ ಪಾಲಿಸಿತ್ತು.

ಕೊನೆಗೆ ಪಕ್ಕದ ಮನೆಯ ಲಾನ್ಸಿ ಬಂದ. ಬಜ್ಪೆಯವನು, ಹತ್ತಿರದ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟುಗಳ ಸೂಪರ್‌ವೈಸರ್. ಭಾರಕ್ಕೆ ಸಂಬಂಧಿಸಿದ ಯಾವ ವಿಷಯದಲ್ಲೂ ತನ್ನ ಮಾತೇ ಕೊನೆಯದು ಎಂದು ನಂಬಿದವನು. ಹೆಗಲ ಮೇಲೆ ಹೆಂಡತಿ ಮೋಲಿ ಕಳಿಸಿದ ಹತ್ತು ಕೆ.ಜಿ.ಯ ಕುಚ್ಚಲಕ್ಕಿ ಚೀಲ ಇತ್ತು.

"ಮೋಲಿಯ ತಂಗಿ ಜೊವಾನಿಟಾಳಿಗೆ ಮಾರಾಯ್ರೆ. ಸಿಡ್ನಿಯಲ್ಲಿ ಕುಚ್ಚಲಕ್ಕಿ ಸಿಗ್ತದೆ, ಆದ್ರೆ ಅದು ಸರಿ ಬೇಯುದಿಲ್ಲ."

"ಇದೂ ಇಲ್ಲಿ ಅಂಗಡೀದೇ ಅಲ್ವಾ ಲಾನ್ಸಿ?"

"ಹೌದು. ಆದ್ರೆ ಮೋಲಿ ಆರಿಸಿದ್ದಲ್ವಾ."

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಇಲ್ಲಿ ಮೂರೇ ಜನರ ಹುಲ್ಲುಕಡ್ಡಿ ಸೇರಿ ನಲವತ್ತು ಕೆ.ಜಿ. ಆಗಿತ್ತು. ಅಂದರೆ ಮಿತಿಗಿಂತ ಮೂವತ್ತೈದು ಹೆಚ್ಚು. ಕಂಪನಿಯವರು ಸ್ವಲ್ಪ ಕೈ ಬಿಗಿ ಹಿಡಿದೇ ಅಂಕಿ ಬರೆದಿರುತ್ತಾರೆ, ಸೇತುವೆ ಏನು ಹೇಳುತ್ತದೋ ನೋಡೋಣ ಎಂದು ಗುರುದತ್ತ ಧೈರ್ಯ ತಂದುಕೊಂಡ. ಲಾನ್ಸಿ ತಾನೂ ತನ್ನ ಯೂಟಿನಲ್ಲಿ ಹಿಂದೆ ಬರುವುದಾಗಿ ಹೇಳಿದ. ಅವನದು ಎರಡೇ ಸೀಟಿನ, ಕೆಲಸದ ಗಾಡಿ.

"ತೂಕ ನೋಡ್ಲಿಕ್ಕೆ ಒಬ್ಬ ಗೊತ್ತಿರುವವ ಬೇಕಾಗ್ತದೆ" ಎಂದ.

ತೂಕದ ಸೇತುವೆ ಇದ್ದದ್ದು ವೇರ್‌ಹೌಸುಗಳ ನಡುವೆ. ನೆಲದಲ್ಲೇ ಹುಗಿದ ದೊಡ್ಡ ಕಬ್ಬಿಣದ ಹಲಗೆ. ಅದರ ಮೇಲೆ ಗಾಡಿ ನಿಂತರೆ ಪಕ್ಕದ ಗೂಡಿನಲ್ಲಿ ಕೂತವನು ಚೀಟಿ ಹರಿದು ಕೊಡುತ್ತಾನೆ. ಆ ದಿನ ಗೂಡಿನಲ್ಲಿದ್ದವರು ಬಲಬೀರ್ ಸಿಂಗ್ ಎಂಬ ನಿಧಾನದ ಸರ್ದಾರ್‌ಜಿ. ಎರಡು ಮರಳಿನ ಲಾರಿಗಳ ನಡುವೆ ಆಮೆಗಾಡಿ ಸಾಲಿನಲ್ಲಿ ನಿಂತಿತು. ಒಳಗೆ ಅಹಲ್ಯಾ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪುಟ್ಟಮ್ಮ ಅಡಿಕೆ ಅಗಿಯುತ್ತ, "ಏನೂ ಆಗಕಿಲ್ಲ ಬುಡಿ ಅಳಿಯಂದ್ರೆ. ಶಕುನ ಎಲ್ಲಾ ನಾನು ನೋಡ್ಕೊಂಡಿವ್ನಿ" ಎಂದರು.

ಸರ್ದಾರ್‌ಜಿ ಚೀಟಿ ಕೊಡುತ್ತ ಹಿಂದಿಯಲ್ಲಿ, "ನೂರಮೂವತ್ತೈದು ಕಿಲೋ ಜಾಸ್ತಿ ಭಾಯಿಸಾಬ್" ಎಂದರು.

ಗುರುದತ್ತ ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಅಲ್ಲೇನೂ ಬರೆದಿರಲಿಲ್ಲ.

ಅಲ್ಲೇ ಪಕ್ಕದ ಬಯಲಿನಲ್ಲಿ ಗಾಡಿ ನಿಲ್ಲಿಸಿ ಗ್ರೈಂಡರು, ಸ್ಮರಣ ಸಂಚಿಕೆ, ಕುಚ್ಚಲಕ್ಕಿ ಮೂರನ್ನೂ ಲಾನ್ಸಿಯ ಯೂಟಿಗೆ ದಾಟಿಸಿದರು. ಮತ್ತೆ ಸಾಲು, ಮತ್ತೆ ಲಾರಿಗಳು. ಸರ್ದಾರ್‌ಜಿ ಈ ಸಲ ಮರುಕದಿಂದ ತೊಂಬತ್ತೈದು ಎಂದರು.

"ಹೇಗೆ ಸಾಧ್ಯ?" ಎಂದು ಗುರುದತ್ತ ಲ್ಯಾಪ್‌ಟಾಪನ್ನು ಬಾನೆಟ್ಟಿನ ಮೇಲೆ ಬಿಚ್ಚಿಟ್ಟ. "ಐದು ಕೆ.ಜಿ. ಉಳೀಬೇಕಿತ್ತು."

ಲಾನ್ಸಿ ಸೊಂಟದ ಮೇಲೆ ಕೈಯಿಟ್ಟು ಶೀಟಿನ ಮೇಲೆ ಬಗ್ಗಿದ. "ನೀರಿನ ಟ್ಯಾಂಕ್ ನೋಡಿದ್ದೀರಾ?"

"ನಾನೇ ಕೈಯಾರೆ ಖಾಲಿ ಮಾಡಿದ್ದು. ನೋಡಿ, ಸೊನ್ನೆ ಅಂತ ಹಾಕಿದ್ದೀನಿ."

ಶೀಟಿನಲ್ಲಿ ಸೊನ್ನೆ ಇದ್ದ ಮೇಲೆ ಅದನ್ನು ಪ್ರಶ್ನಿಸುವುದು ಇಬ್ಬರಿಗೂ ಸರಿಕಾಣಲಿಲ್ಲ. ಲಾನ್ಸಿ ಬೆರಳನ್ನು ಮುಂದಿನ ಸಾಲಿಗೆ ಇಳಿಸಿದ.

"ಕಬ್ಬಿಣದ ತೂಕ ಎಲ್ಲ ಕಂಪನಿ ಬರ್ದು ಕೊಟ್ಟದ್ದು ಉಂಟು. ಅದು ಸುಳ್ಳಾಗುದಿಲ್ಲ. ಮನುಷ್ಯರ ತೂಕ ಮಾತ್ರ ಮನುಷ್ಯರೇ ಹೇಳಿದ್ದು. ಇಲ್ಲಿ ಎಂತ ಬರ್ದದ್ದು? 'ಅಹಲ್ಯಾ, ಅರವತ್ತೆರಡು, ಅಂದಾಜು.' ಅಂದಾಜು ಅಂದ್ರೆ ಎಂತ?"

ಗಾಡಿಯ ಕಿಟಕಿ ಇಳಿದೇ ಇತ್ತು. ಒಳಗಿನಿಂದ ಅಹಲ್ಯಾ ಶಾಂತವಾಗಿ ಕೇಳಿದಳು. "ಅಂದ್ರೆ ಏನು ನಿಮ್ಮ ಅರ್ಥ? ಉಳಿದ ತೊಂಬತ್ತೈದು ಕೆ.ಜಿ. ನಾನು ಮೈಯಲ್ಲಿ ಬಚ್ಚಿಟ್ಕೊಂಡಿದ್ದೀನಾ?"

"ನಾನು ಹೇಳಿದ್ದಲ್ಲ, ಲಾನ್ಸಿ ಹೇಳಿದ್ದು" ಎಂದ ಗುರುದತ್ತ.

"ನಾನು ಶೀಟಿನಲ್ಲಿದ್ದದ್ದು ಓದಿದ್ದು ಮಾತ್ರ" ಎಂದ ಲಾನ್ಸಿ.

"ಡ್ಯಾಡ್, ಯು ಆರ್ ಸೋ ಡೆಡ್" ಎಂದಳು ಅನನ್ಯಾ.

ಅಹಲ್ಯಾ ಇಳಿದು ಸೀದಾ ಸರ್ದಾರ್‌ಜಿಯ ಗೂಡಿಗೆ ನಡೆದಳು. ನಾಲ್ಕೂ ಜನ ಇಳಿದ ಮೇಲೆ ಬರಿ ಗಾಡಿಯನ್ನು ತೂಗಬೇಕೆಂದು ಕೇಳಿದಳು. ಸರ್ದಾರ್‌ಜಿ ತಲೆಯಾಡಿಸಿದರು. ಅವರ ಮನೆಯಲ್ಲೂ ಇಂಥದ್ದು ಆಗಿದ್ದಿರಬೇಕು. ನಾಲ್ವರೂ ಇಳಿದಾಗ ಗಾಡಿ ಸರಿಯಾಗಿ ಇನ್ನೂರನಲವತ್ತು ಕೆ.ಜಿ. ಕಡಿಮೆಯಾಯಿತು. ಅಹಲ್ಯಾ ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಅದು ಮುಂದೆ ಎಷ್ಟೋ ವರ್ಷ ಅಲ್ಲೇ ಇರುತ್ತದೆ, ಬೇಕಾದಾಗೆಲ್ಲ ಹೊರಗೆ ಬರುತ್ತದೆ ಎಂಬುದು ಗುರುದತ್ತನಿಗೆ ಆ ಕ್ಷಣದಲ್ಲೇ ತಿಳಿಯಿತು.

ನಾಲ್ಕನೆಯ ಸಲ ತಮ್ಮದೇ ಲಗೇಜು ಅರವತ್ತು ಕೆ.ಜಿ.ಯನ್ನೂ ಇಳಿಸಿ, ನಾಲ್ವರೂ ಮತ್ತೆ ಹತ್ತಿ ಕೂತು ತೂಗಿಸಿದರು. ಬಟ್ಟೆಯಿಲ್ಲ, ಪಾತ್ರೆಯಿಲ್ಲ, ಪುಟ್ಟಮ್ಮನವರ ಕೋಡುಬಳೆ ಡಬ್ಬಿಯೂ ಇಲ್ಲ. ಆದರೂ ಮೂವತ್ತೈದು ಕೆ.ಜಿ. ಹೆಚ್ಚಿತ್ತು. ಗಂಟೆ ಮೂರಾಗಿತ್ತು. ಹಿಂದೆ ನಿಂತ ಮರಳು ಲಾರಿಯವನಿಗೆ ಈಗ ಇವರೆಲ್ಲರ ಪರಿಚಯವಾಗಿ, ಅವನು ಅನನ್ಯಾಳಿಗೆ ಚಾಕೊಲೇಟ್ ಕೊಟ್ಟಿದ್ದ.

"ಇನ್ನು ಒಂದೇ ದಾರಿ" ಎಂದು ಲಾನ್ಸಿ ತೀರ್ಪು ಕೊಟ್ಟ. "ಒಬ್ಬರು ಇಳೀಬೇಕು."

ಪುಟ್ಟಮ್ಮ ಸೆರಗು ಸರಿಮಾಡಿಕೊಂಡರು. "ನಾನೇ ಮನೇಲಿರ್ತೀನಿ ಬುಡಿ. ಮೂರು ಜನ ಆರಾಮಾಗಿ ಹೋಗ್ಬನ್ನಿ. ಸೂರ್ಯ ನಂಜನಗೂಡಲ್ಲೂ ಹುಟ್ತಾನೆ."

ಯಾರಿಗಾಗಿ ಆಮೆ ಬಂದಿತ್ತೋ ಅವರನ್ನೇ ಮನೆಯಲ್ಲಿ ಬಿಟ್ಟು ಆಮೆಯನ್ನು ಸಿಡ್ನಿ ತೋರಿಸಲು ಕರೆದೊಯ್ಯಬೇಕಾಗಿತ್ತು. ಗುರುದತ್ತ ಲ್ಯಾಪ್‌ಟಾಪ್ ಮುಚ್ಚಿದ.

"ಬೇಡ ಅತ್ತೆ. ಕ್ಯಾಂಪರ್ ವಾಪಸ್ ಕೊಡ್ತೀನಿ. ನಾವು ನಾಲ್ಕೂ ಜನ ಬರೀ ಗಾಡೀಲಿ ಹೋಗೋಣ. ಈಡನ್‌ನಲ್ಲಿ ಮೋಟೆಲ್ ಸಿಕ್ರೆ ಬುಕ್ ಮಾಡೋಣ."

ಅಹಲ್ಯಾ ಗಂಡನ ಮುಖ ನೋಡಿದಳು. ನಾನು ಹೇಳಿರಲಿಲ್ಲವಾ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಸಮುದ್ರ ಕಾಣೋ ರೂಮೇ ನೋಡ್ತೀನಿ" ಎಂದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ನುಂಗಿಕೊಂಡ ಮಾತುಗಳಲ್ಲಿ ಇದು ದೊಡ್ಡದು.

ಎಲ್ಲರನ್ನೂ ಎಲ್ಲ ಸಾಮಾನನ್ನೂ ಮನೆಯಲ್ಲಿ ಇಳಿಸಿ ಗುರುದತ್ತ ಮೆಲ್ಟನ್ ದಾರಿ ಹಿಡಿದ. ಲಾನ್ಸಿ ಹಿಂದೆಯೇ ಬಂದ. ಕಷ್ಟದಲ್ಲಿ ಒಬ್ಬನೇ ಬಿಡಬಾರದು ಎಂಬುದು ಅವನ ನಂಬಿಕೆ. ಬ್ಯಾರಿಯ ಅಂಗಳ ತಲುಪಿದಾಗ ನಾಲ್ಕೂವರೆ. ಕ್ಯಾಂಪರನ್ನು ಅದರ ನಾಲ್ಕು ಕಾಲಿನ ಮೇಲೆ ನಿಲ್ಲಿಸಿ ಗುರುದತ್ತ ಯೂಟನ್ನು ಅದರ ಕೆಳಗಿನಿಂದ ಮುಂದಕ್ಕೆ ತೆಗೆದ. ಕಚೇರಿಯೊಳಗೆ ಬ್ಯಾರಿಯ ಹೆಂಡತಿ ಕಾಗದ ಮುಂದಿಟ್ಟಳು. ಅವನು ಏಳು ಕಡೆ ಸಹಿ ಹಾಕಿದ. ಪ್ರತಿ ಸಹಿಗೂ ಕಿಟಕಿಯಿಂದ ಒಮ್ಮೆ ಕ್ಯಾಂಪರನ್ನು ನೋಡಿದ.

ಹೊರಗೆ ಬಂದಾಗ ಲಾನ್ಸಿ ಬ್ಯಾರಿಯ ಕೈ ಕುಲುಕುತ್ತಿದ್ದ.

"ಬೇಸರ ಮಾಡ್ಬೇಡಿ ಮಾರಾಯ್ರೆ. ಬೇರೆಯವರ ಕೈಗೆ ಹೋಗುದಕ್ಕಿಂತ ನಮ್ಮ ಬೀದಿಯಲ್ಲೇ ಇರ್ಲಿ ಅಂತ ನಾನೇ ತಕ್ಕೊಂಡೆ. ನನ್ನ ಗಾಡಿ ಹನ್ನೆರಡು ನೂರು ಕೆ.ಜಿ. ಹೊರ್ತದೆ, ಕೂರುದು ನಾನೂ ಮೋಲಿಯೂ ಮಾತ್ರ. ಬೆಳಿಗ್ಗೆಯಿಂದ ಇದನ್ನೇ ನೋಡಿ ನೋಡಿ ನನಗೂ ಆಸೆ ಆಯ್ತು. ನಾಳೆ ನಾವೂ ನಿಮ್ಮೊಟ್ಟಿಗೆ ಸಿಡ್ನಿಗೆ ಬರ್ತೇವೆ."

ಗುರುದತ್ತ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬ್ಯಾರಿ, ಕೈ ಬದಲಾಗುವ ಮೊದಲು ಎಲ್ಲವನ್ನೂ ಪರೀಕ್ಷಿಸುವುದು ತನ್ನ ಪದ್ಧತಿ ಎನ್ನುತ್ತ ಕ್ಯಾಂಪರಿನ ಅಡಿಗೆ ಬಗ್ಗಿ ಒಂದು ನಲ್ಲಿ ತಿರುಗಿಸಿದ.

ನೀರು ಬಂತು.

ಮೊದಲು ಅದು ಟ್ಯಾಂಕಿನ ತಳದಲ್ಲಿ ಉಳಿದ ನೀರಿರಬೇಕು ಎಂದುಕೊಂಡರು. ನೀರು ಬರುತ್ತಲೇ ಇತ್ತು. ಬ್ಯಾರಿ ನೆಟ್ಟಗಾಗಿ ತಂಬಾಕಿನ ಪೈಪು ಹಚ್ಚಿ ಸೇದತೊಡಗಿದ. ನೀರು ಅಂಗಳದ ಇಳಿಜಾರಿನಲ್ಲಿ ಹರಿದು, ಗುರುದತ್ತನ ಬೂಟನ್ನು ಬಳಸಿಕೊಂಡು, ಗೇಟಿನವರೆಗೆ ಹೋಯಿತು. ಹತ್ತು ನಿಮಿಷವಾದರೂ ನಿಲ್ಲಲಿಲ್ಲ.

"ಟ್ಯಾಂಕ್ ಫುಲ್ ಇತ್ತಲ್ಲ ಮೇಟ್" ಎಂದ ಬ್ಯಾರಿ. "ನೂರು ಲೀಟರ್."

ಒಂದು ಲೀಟರಿಗೆ ಒಂದು ಕೆ.ಜಿ. ಎಂಬುದನ್ನು ಗುರುದತ್ತ ಐದನೆಯ ಕ್ಲಾಸಿನಲ್ಲಿ ಓದಿದ್ದ. ಅವನ ಶೀಟಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆ ನೀರು ಇಲ್ಲದಿದ್ದರೆ ಬೆಳಿಗ್ಗೆಯೇ, ಅಹಲ್ಯಾ, ಅತ್ತೆ, ಅನನ್ಯಾ, ಕೋಡುಬಳೆ ಡಬ್ಬಿ ಎಲ್ಲವನ್ನೂ ಹೊತ್ತು, ಐದು ಕೆ.ಜಿ. ಉಳಿಯುತ್ತಿತ್ತು. ಒದ್ದೆ ನೆಲದ ನೆನಪಾಯಿತು, ಸುತ್ತಿಡುತ್ತಿದ್ದ ಪೈಪಿನ ನೆನಪೂ ಆಯಿತು.

"ಲಾನ್ಸಿ" ಎಂದ ಮೆಲ್ಲಗೆ. "ಅದು… ನಂಗೇ ವಾಪಸ್…"

"ಛೆ, ಮೋಲಿಗೆ ಫೋನ್ ಮಾಡಿ ಆಯ್ತು" ಎಂದ ಲಾನ್ಸಿ. ಅವನ ಮುಖದಲ್ಲಿ ನಿಜವಾದ ವಿಷಾದವಿತ್ತು. "ಅವಳು ಕಿಟಕಿಗೆ ಪರ್ದೆಯ ಬಟ್ಟೆ ತರ್ಲಿಕ್ಕೆ ಹೊರಟಾಯ್ತು."

ಮನೆಗೆ ಬಂದಾಗ ಆರು ಗಂಟೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಪುಟ್ಟಮ್ಮ ಬಾಗಿಲಲ್ಲಿ ಕೂತಿದ್ದರು. ಗುರುದತ್ತ ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತ.

"ಅತ್ತೆ, ಬೆಳಿಗ್ಗೆ ಟ್ಯಾಂಕಿಗೆ ನೀರು ಬಿಟ್ರಾ?"

"ಮತ್ತೇ?" ಎಂದರು ಪುಟ್ಟಮ್ಮ ಆಶ್ಚರ್ಯದಿಂದ. "ಖಾಲಿ ಕೊಡ ಇಟ್ಕೊಂಡು ಯಾರಾದ್ರೂ ಪ್ರಯಾಣ ಹೊರಡ್ತಾರಾ? ಎಲ್ಲಾರೂ ಏಳೋಕ್ ಮುಂಚೆ ಎದ್ದು, ಪೈಪ್ ಇಟ್ಟು ಕಂಠಮಟ್ಟ ತುಂಬುಸ್ಬುಟ್ಟು, ಮುಚ್ಚಳಕ್ಕೆ ಒಂದು ಚೂರು ಅರಿಶಿನನೂ ಹಚ್ಚಿದೆ. ಅಷ್ಟು ಮಾಡಿದ್ಕೇ ಗಾಡಿಗೆ ಏನೂ ಆಗ್ದೆ ಹೋಗ್ ಬಂದ್ರಿ ನೋಡಿ."

ಹೇಳಬೇಕಾದ ಮಾತು ಬೇಕಾದಷ್ಟಿತ್ತು. ಮೂರು ಚೀಟಿಗಳು ಜೇಬಿನಲ್ಲಿದ್ದವು. ಆದರೆ ಅತ್ತೆಯ ಬೆರಳಿನ ತುದಿಯಲ್ಲಿ ಅರಿಶಿನದ ಬಣ್ಣ ಇನ್ನೂ ಇತ್ತು. ಗುರುದತ್ತ ಅದನ್ನೇ ನೋಡಿದ. "ಒಳ್ಳೇದು ಮಾಡಿದ್ರಿ ಅತ್ತೆ" ಎಂದ. ಟ್ಯಾಂಕಿನ ವಿಷಯ ಹೆಂಡತಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದ. ಹೇಳಿದರೆ ತಾಯಿ ಮಗಳಿಗೆ ಜಗಳವಾಗುತ್ತದೆ, ಕೊನೆಗೆ ತಪ್ಪು ಅಳಿಯನದೇ ಆಗುತ್ತದೆ.

ಅಷ್ಟರಲ್ಲಿ ಲಾನ್ಸಿ ಕ್ಯಾಂಪರ್ ಹೊತ್ತು ಬಂದ. ಅವನ ಗಾಡಿಯ ಮೇಲೆ ಅದು ಅಲ್ಲೇ ಹುಟ್ಟಿ ಬೆಳೆದಂತೆ ಕೂತಿತ್ತು. ಇಳಿದವನೇ ಪುಟ್ಟಮ್ಮನವರ ಮುಂದೆ ನಿಂತ. "ಅಮ್ಮ, ಈಡನ್‌ನಲ್ಲಿ ನೀವು ಮೋಲಿಯ ಒಟ್ಟಿಗೆ ಇದ್ರಲ್ಲೇ ಮಲಗಿ. ಕಿಟಕಿ ಸಮುದ್ರಕ್ಕೆ ತಿರುಗಿಸಿ ಇಡ್ತೇನೆ. ನಾನು ಗುರುದತ್ತರೊಟ್ಟಿಗೆ ಮೋಟೆಲಿನಲ್ಲಿ ಎಲ್ಲಿಯಾದ್ರೂ ಬಿದ್ಕೊಳ್ತೇನೆ."

"ಅಯ್, ದೇವರಂಥ ಮನುಷ್ಯ ಕಣಪ್ಪ ನೀನು" ಎಂದರು ಪುಟ್ಟಮ್ಮ. ಗುರುದತ್ತ ಇಡೀ ವಾರ ಕಾದಿದ್ದ ಮಾತು ಅದು. ವಿಳಾಸ ಮಾತ್ರ ಪಕ್ಕದ ಮನೆಯದಾಗಿತ್ತು.

ಲಾನ್ಸಿ ಉಪಕಾರವನ್ನು ಅರ್ಧಕ್ಕೆ ನಿಲ್ಲಿಸುವವನಲ್ಲ. ಗುರುದತ್ತ ಒಳಗೆ ಹೋಗಿ ಮುಖ ತೊಳೆಯುವಷ್ಟರಲ್ಲಿ ಅವನು ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹಾಕಿದ್ದ. 'ಗುರುದತ್ತರ ಗಾಡಿಯ ಹಿಂದೆ ಈಗ ಪೂರಾ ಖಾಲಿ. ಆರುನೂರು ಕೆ.ಜಿ. ಹಿಡಿಯುತ್ತದೆ. ಲೆಕ್ಕ ನಾನೇ ನೋಡಿದ್ದೇನೆ.'

ಶ್ರೀಲಕ್ಷ್ಮಿ ಗ್ರೈಂಡರಿನ ಜೊತೆಗೆ ಅಕ್ಕನಿಗೆಂದು ಎತ್ತಿಟ್ಟಿದ್ದ ಹಳೆಯ ವಾಷಿಂಗ್ ಮೆಷಿನ್ ತಂದಳು. ಹರ್ಷವರ್ಧನ್ ವ್ಯಾನಿನಲ್ಲಿ ಬಂದು ಸ್ಮರಣ ಸಂಚಿಕೆಯ ಉಳಿದ ಇಪ್ಪತ್ತು ಬಾಕ್ಸ್ ಇಳಿಸಿದ. ಸಿಡ್ನಿಯವರು ಇನ್ನೂ ಕಾಯುತ್ತಲೇ ಇದ್ದರಂತೆ. ಎರಡು ವರ್ಷದ ಮೇಲೆ ಆ ದಿನ ಅವನ ಕಾರು ಗರಾಜಿನೊಳಗೆ ನಿಂತಿತು. ಲಾನ್ಸಿ ತನ್ನ ಕುರ್ಚಿ, ಮೀನಿನ ಗಾಳ, ಐಸ್ ಪೆಟ್ಟಿಗೆ, ಜನರೇಟರ್ ತಂದಿಟ್ಟ. "ಕ್ಯಾಂಪರಿನಲ್ಲಿ ಇಟ್ರೆ ಅಮ್ಮನಿಗೆ ಕಾಲು ನೀಡ್ಲಿಕ್ಕೆ ಆಗುದಿಲ್ಲ" ಎಂದ. ಅದಕ್ಕೆ ಎದುರಾಡುವಂತಿರಲಿಲ್ಲ.

ಗುರುದತ್ತ ಒಂದೊಂದನ್ನೂ ತೂಗಿ ಶೀಟಿಗೆ ಹಾಕಿದ. ಕ್ಯಾಂಪರ್ ಇದ್ದ ಸಾಲನ್ನು ಅಳಿಸಿ ಆ ಜಾಗದಲ್ಲಿ ಇವನ್ನೆಲ್ಲ ಬರೆದ. ಕೆಳಗೆ ಒಟ್ಟು ಕೂಡಿತು. ಸಾಮಾನು ಸರಿಯಾಗಿ ಆರುನೂರು. ಉಳಿದದ್ದು ಐದು ಕೆ.ಜಿ. ಬೆಳಿಗ್ಗೆ ಎಲ್ಲಿದ್ದನೋ ಸಂಜೆಗೆ ಅಲ್ಲೇ ಬಂದು ನಿಂತಿದ್ದ. ಬೆನ್ನ ಮೇಲಿದ್ದ ಮನೆ ಮಾತ್ರ ಪಕ್ಕದವನದಾಗಿತ್ತು.

ಅಹಲ್ಯಾ ಹಿಂದಿನಿಂದ ಬಂದು ಪರದೆ ನೋಡಿದಳು. "ಐದು ಕೆ.ಜಿ. ಉಳೀತಲ್ಲ. ನಿಮ್ಮ ಲೆಕ್ಕ ಸರಿ ಇರುತ್ತೆ ಬಿಡಿ" ಎಂದಳು. ಮನಸಾರೆಯೇ ಹೇಳಿದಳು.

ಅವನು ಹೊರಗೆ ಬಂದು ಹಗ್ಗ ಬಿಗಿಯುತ್ತಿದ್ದಾಗ ಪುಟ್ಟಮ್ಮ ಎರಡೂ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕ್ಯಾನ್ ಹಿಡಿದು ಬಂದರು. ಅಂಚಿನವರೆಗೆ ನೀರು ತುಂಬಿತ್ತು. ಕುತ್ತಿಗೆಗೆ ಅರಿಶಿನ ಕುಂಕುಮ ಹಚ್ಚಿತ್ತು.

"ಆ ಟ್ಯಾಂಕ್ ಅವರ ಪಾಲಾಯ್ತಲ್ಲ ಅಳಿಯಂದ್ರೆ. ನಮ್ಮ ಗಾಡಿಗೂ ಒಂದು ತುಂಬಿದ ಕೊಡ ಬ್ಯಾಡ್ವಾ?"

"ಎಷ್ಟು ಲೀಟರ್ ಅತ್ತೆ?"

"ಹತ್ತು."

ಗುರುದತ್ತ ಕ್ಯಾನನ್ನೂ ಗಾಡಿಯನ್ನೂ ನೋಡಿದ. ಆಮೇಲೆ ಸೀಟಿನ ಕೆಳಗೆ ಕೈಹಾಕಿ ತನ್ನ ಬಟ್ಟೆಯ ಬ್ಯಾಗನ್ನು ಎಳೆದು ಕೆಳಗಿಟ್ಟು, ಅಲ್ಲಿ ಕ್ಯಾನನ್ನು ನೆಟ್ಟಗೆ ಕೂರಿಸಿದ.